ಪಾಳಿಯ ಕೊನೆಗೆ ನಿಂತವರು

ನಾಲ್ಕು ಮಡಿಕೆಯ ಕಾಗದವದು. ಮೇಲೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆಯ ಹೆಸರು, ಕೆಳಗೆ ‘ಇವರು ಕೆಲಸಕ್ಕೆ ಮರಳಲು ಯೋಗ್ಯರಾಗಿದ್ದಾರೆ’ ಎಂದು ವೈದ್ಯರು ಬರೆದ ಎರಡು ಸಾಲು, ಮೊಹರು, ಸಹಿ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಬಿಡಿಭಾಗಗಳ ಘಟಕವೊಂದರಲ್ಲಿ ಲೇತ್ ನಡೆಸುತ್ತಿದ್ದ ನಮ್ಮ ಓಣಿಯ ಹುಡುಗ ಎರಡು ತಿಂಗಳ ಚಿಕಿತ್ಸೆ ಮುಗಿಸಿ, ಆ ಕಾಗದ ಹಿಡಿದು ಗುತ್ತಿಗೆದಾರರ ಮುಂದೆ ನಿಂತ. ಧೈರ್ಯಕ್ಕೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದ. ಗುತ್ತಿಗೆದಾರರು ಕೆಟ್ಟ ಮನುಷ್ಯರೇನಲ್ಲ. ಚಹಾ ತರಿಸಿದರು, ತಾಯಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಕಾಗದ ಬಿಡಿಸಿ ಮೇಲಿನ ಸಾಲು ಓದಿ ಮತ್ತೆ ಮಡಚಿ ಕೊಟ್ಟರು. ಕೆಳಗಿನ ಸಾಲುಗಳವರೆಗೆ ಅವರ ಕಣ್ಣು ಇಳಿಯಲೇ ಇಲ್ಲ. ‘ಈಗ ಆರ್ಡರ್ ಕಡಿಮೆ ಇದೆ ತಮ್ಮಾ, ಜೋರಾದರೆ ನಾನೇ ಫೋನ್ ಮಾಡುತ್ತೇನೆ’ ಎಂದರು.

ಅದು ಬರೀ ನೆಪ ಎಂದು ನಾನು ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಎಂಟು ತಿಂಗಳ ಮೇಲೆ ಫೋನ್ ಬಂದೇ ಬಂತು. ಆರ್ಡರ್ ಜೋರಾಗಿತ್ತು, ಲೇತ್ ಗೊತ್ತಿದ್ದವರು ಸಿಗುತ್ತಿರಲಿಲ್ಲ. ಆ ಎಂಟು ತಿಂಗಳಲ್ಲಿ ಹುಡುಗನ ಕಾಯಿಲೆ ಬದಲಾಗಿರಲಿಲ್ಲ, ಮಾತ್ರೆ ಬದಲಾಗಿರಲಿಲ್ಲ, ಗುತ್ತಿಗೆದಾರರ ಮನಸ್ಸು ಸಹ ಬದಲಾಗಿತ್ತೆಂದು ನನಗೆ ಅನಿಸುವುದಿಲ್ಲ.

ನಮ್ಮ ಕಡೆ ಪಾಳಿ ಎಂಬ ಮಾತಿಗೆ ಎರಡು ಅರ್ಥ. ಕಾರ್ಖಾನೆಯ ಶಿಫ್ಟೂ ಪಾಳಿಯೇ, ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಸರದಿಯೂ ಪಾಳಿಯೇ. ಮನೋರೋಗ ಇರುವವರು ನಿರುದ್ಯೋಗಿಗಳಾಗಿರುವುದೇಕೆ ಎಂದು ಕೇಳಿದರೆ ನಾವು ರೋಗದ ಕಡೆ ಬೆರಳು ತೋರಿಸುತ್ತೇವೆ, ಸ್ವಲ್ಪ ಓದಿದವರಾದರೆ ಸಮಾಜದ ಕಳಂಕದ ಕಡೆ ತೋರಿಸುತ್ತೇವೆ. ಆ ವರ್ಷ ಆ ಊರಿನಲ್ಲಿ ಕೆಲಸ ಎಷ್ಟಿತ್ತು, ಕೈ ಎಷ್ಟಿದ್ದವು ಎಂಬ ಲೆಕ್ಕ ಕೇಳುವವರು ವಿರಳ. ಪಾಳಿಯಲ್ಲಿ ಇವರು ಯಾವಾಗಲೂ ಕೊನೆಯವರು ಎಂಬುದು ನಿಜ. ಆದರೆ ಕೊನೆಯವರಿಗೂ ನೀರು ಸಿಗುತ್ತದೆಯೇ ಎಂಬುದು ನಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಇದಕ್ಕೆ ಗಟ್ಟಿ ಪುರಾವೆ ದೊರೆತದ್ದು ಯುರೋಪಿನಿಂದ. 2008ರ ಆರ್ಥಿಕ ಕುಸಿತದ ಮುಂಚಿನ ಮತ್ತು ನಂತರದ ಸಮೀಕ್ಷೆಗಳನ್ನು ಹೋಲಿಸಿ 27 ದೇಶಗಳ ಲೆಕ್ಕ ತೆಗೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. 2006ರಲ್ಲಿ ಮಾನಸಿಕ ಸಮಸ್ಯೆ ಇಲ್ಲದವರಲ್ಲಿ ನಿರುದ್ಯೋಗ ಶೇ 7.1 ಇತ್ತು, ಸಮಸ್ಯೆ ಇದ್ದವರಲ್ಲಿ ಶೇ 12.7. ನಾಲ್ಕು ವರ್ಷಗಳ ನಂತರ, 2010ರಲ್ಲಿ, ಮೊದಲಿನವರದು ಶೇ 9.8 ಆಯಿತು, ಎರಡನೆಯವರದು ಶೇ 18.2ಕ್ಕೆ ಹೋಯಿತು. ಕುಸಿತ ಎಲ್ಲರಿಗೂ ತಟ್ಟಿತು, ಆದರೆ ಇವರಿಗೆ ಬರಗಾಲದಲ್ಲಿ ಅಧಿಕ ಮಾಸ. ಗಂಡಸರು ಮತ್ತು ಓದು ಕಡಿಮೆ ಇದ್ದವರು ಹೆಚ್ಚು ಪೆಟ್ಟು ತಿಂದರು. ಮನೋರೋಗಿಗಳು ಅಪಾಯಕಾರಿ ಎಂದು ನಂಬುವವರು ಹೆಚ್ಚಿದ್ದ ದೇಶಗಳಲ್ಲಿ ಈ ಪೆಟ್ಟು ಇನ್ನೂ ಜೋರಾಗಿತ್ತು.

ಈ ಕೊನೆಯ ಅಂಶದ ಬಳಿ ಸ್ವಲ್ಪ ನಿಲ್ಲಬೇಕು. ಕಳಂಕ ಮತ್ತು ಮಾರುಕಟ್ಟೆ ಬೇರೆ ಬೇರೆ ಸಂಗತಿಗಳೆಂದು ನಾವು ತಿಳಿದಿರುತ್ತೇವೆ. ಅವೆರಡೂ ಕೈಕೈ ಹಿಡಿದು ನಡೆಯುತ್ತವೆ. ಆಳು ಸಿಗದ ಸುಗ್ಗಿಯಲ್ಲಿ ಯಾರೂ ಆಳಿನ ಜಾತಕ ಕೇಳುವುದಿಲ್ಲ. ಒಂದು ಕೆಲಸಕ್ಕೆ ಮೂವತ್ತು ಮಂದಿ ಬಂದು ನಿಂತಾಗ ಇಪ್ಪತ್ತೊಂಬತ್ತು ಮಂದಿಯನ್ನು ಕಳಿಸಲು ಏನಾದರೂ ಕಾರಣ ಬೇಕಾಗುತ್ತದೆ, ಆಸ್ಪತ್ರೆಯ ಹೆಸರು ಅಂಥ ಸುಲಭದ ಕಾರಣ. ಒಳ್ಳೆಯ ವರ್ಷದಲ್ಲೂ ಕಳಂಕ ಇರುತ್ತದೆ, ಅದನ್ನು ಚಲಾಯಿಸಲು ಬಿಡುವಿರುವುದಿಲ್ಲ ಅಷ್ಟೆ.

ಹಳೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದ ಹಾರ್ವೆ ಬ್ರೆನ್ನರ್ ಎಂಬ ಸಮಾಜಶಾಸ್ತ್ರಜ್ಞ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಗಳ 1841ರಿಂದ 1967ರವರೆಗಿನ ದಾಖಲಾತಿಗಳನ್ನು ಉದ್ಯೋಗದ ಏರಿಳಿತದ ಪಕ್ಕದಲ್ಲಿಟ್ಟು ನೋಡಿದ. ಕೆಲಸ ಇಳಿದಾಗಲೆಲ್ಲ ದಾಖಲಾತಿ ಏರಿತ್ತು. ಕೆಲಸ ಹೋಗಿ ಜನ ಕಾಯಿಲೆ ಬಿದ್ದರೇ, ಇಲ್ಲವೆ ಮನೆಯಲ್ಲಿ ಹೇಗೋ ನಡೆಯುತ್ತಿದ್ದವರನ್ನು ಸಾಕಲಾರದೆ ಆಸ್ಪತ್ರೆಗೆ ತಂದು ಬಿಟ್ಟರೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಎರಡೂ ನಡೆದಿರಬೇಕು. ಡಿಮ್ಹಾನ್ಸ್ ಕೂಡ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ಬರಗಾಲದ ವರ್ಷಗಳಲ್ಲಿ ಅದರ ಹಳೆಯ ದಾಖಲೆ ಪುಸ್ತಕಗಳು ಏನು ಹೇಳುತ್ತವೆ ಎಂದು ಯಾರಾದರೂ ತೆರೆದು ನೋಡಿದರೆ ಚೆನ್ನಾಗಿರುತ್ತದೆ.

ಕೆಲಸ ಕಡಿಮೆಯಾದಾಗ ಕಾರ್ಖಾನೆಯ ಒಳಗೆ ನಡೆಯುವುದನ್ನು ಹೊರಗಿನವರು ಗಮನಿಸುವುದಿಲ್ಲ. ಹತ್ತು ಜನರಲ್ಲಿ ಮೂವರನ್ನು ಬಿಟ್ಟರೆ ಉಳಿದ ಏಳು ಜನ ಹತ್ತು ಜನರ ಕೆಲಸ ಮಾಡಬೇಕು. ಒಂದರ ಹಿಂದೆ ಒಂದು ಎರಡು ಪಾಳಿ, ವಾರಕ್ಕೊಮ್ಮೆ ಬದಲಾಗುವ ರಾತ್ರಿ ಪಾಳಿ. ಉನ್ಮಾದ ಮತ್ತು ಖಿನ್ನತೆಯ ನಡುವೆ ತೂಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆಗೆಡುವುದೇ ಉನ್ಮಾದದ ಕಡೆಗೆ ತೆರೆಯುವ ಬಾಗಿಲು. ಅವರು ತೆಗೆದುಕೊಳ್ಳುವ ಲಿಥಿಯಂ ಮಾತ್ರೆಯ ಮಟ್ಟ ರಕ್ತದಲ್ಲಿ ತುಸು ಹೆಚ್ಚಾದರೂ ವಿಷವಾಗುತ್ತದೆ. ಬೆವರಿ ಬೆವರಿ ದೇಹದ ನೀರು, ಉಪ್ಪು ಇಳಿದಾಗ ಆ ಮಟ್ಟ ಏರುತ್ತದೆ. ಏಪ್ರಿಲ್ ತಿಂಗಳಲ್ಲಿ ಎರಕದ ಕುಲುಮೆಯ ಮುಂದೆ ನಿಲ್ಲುವವನಿಗೆ ಇದು ಪುಸ್ತಕದ ಮಾತಲ್ಲ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಒಲಾಂಜಪಿನ್‌ನಂಥ ಮಾತ್ರೆ ನುಂಗಿ ಮಲಗಿದವನಿಗೆ ಬೆಳಗ್ಗೆ ಆರಕ್ಕೆ ಕಣ್ಣು ತೆರೆಯುವುದೇ ಒಂದು ದುಡಿಮೆ. ಆರ್ಡರ್ ಜೋರಾಗಿದ್ದಾಗ ಮೇಸ್ತ್ರಿ ‘ಇವನನ್ನು ಎರಡನೆಯ ಪಾಳಿಗೆ ಹಾಕಿ’ ಎಂದು ಹೊಂದಿಸಿಕೊಳ್ಳುತ್ತಾರೆ. ಆರ್ಡರ್ ಬಿದ್ದಾಗ ಎರಡನೆಯ ಪಾಳಿಯೇ ಇರುವುದಿಲ್ಲ. ಹೊಂದಾಣಿಕೆ ಎಂಬುದು ದೊಡ್ಡ ಮನಸ್ಸಿನ ವಿಚಾರವೆಂದು ನಾವು ಅಂದುಕೊಳ್ಳುತ್ತೇವೆ, ಬಹಳ ಸಲ ಅದು ಕೆಲಸದ ಪಟ್ಟಿಯಲ್ಲಿ ಜಾಗ ಇದೆಯೇ ಎಂಬ ವಿಚಾರ.

ಇನ್ನೊಂದು ಸಂಗತಿ ವಯಸ್ಸಿನದು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿನೆಂಟರಿಂದ ಮೂವತ್ತರ ನಡುವೆ, ಅಂದರೆ ಮನುಷ್ಯ ಕೆಲಸ ಹುಡುಕುವ ಕಾಲಕ್ಕೆ. ಮೊದಲ ಕೆಲಸವೇ ಸಿಗದಿದ್ದರೆ ಮುಂದಿನದಕ್ಕೆ ತೋರಿಸಲು ಅನುಭವವಿರುವುದಿಲ್ಲ, ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ ಕಾಣುತ್ತದೆ. ಈ ವಿಷಯದಲ್ಲಿ ಧಾರವಾಡದವರಿಗೆ ಒಂದು ವಿಚಿತ್ರ ಅನುಕೂಲವಿದೆ. ಸಪ್ತಾಪುರದ ಸುತ್ತ ಕೋಚಿಂಗ್ ಕೇಂದ್ರಗಳಲ್ಲಿ ಸಾವಿರಾರು ಮಂದಿ ವರ್ಷಗಟ್ಟಲೆ ಕುಳಿತು ಓದುವ ಊರಿದು. ‘ಪರೀಕ್ಷೆಗೆ ತಯಾರಿ ನಡೆಸಿದ್ದೆ’ ಎಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ. ಆಸ್ಪತ್ರೆಯ ದಿನಗಳನ್ನು ಕೆಎಎಸ್ ತಯಾರಿಯ ಲೆಕ್ಕಕ್ಕೆ ಬರೆದವರನ್ನು ನಾನು ಬಲ್ಲೆ. ಅವರದು ಸುಳ್ಳೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ಇಷ್ಟೆಲ್ಲ ಕಾರ್ಖಾನೆ, ಕಚೇರಿಗಳ ಮಾತಾಯಿತು. ಈ ಭಾಗದ ಹೆಚ್ಚಿನ ದುಡಿಮೆ ಇರುವುದು ಬೇರೆಡೆ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಒಮ್ಮೆ ಹೋಗಿ ನೋಡಿ. ಶೆಡ್ಡಿನ ನೆರಳಿನಲ್ಲಿ ಕೆಂಪು ರಾಶಿ, ಸುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ತೊಟ್ಟು ಬಿಡಿಸುವ ಹೆಂಗಸರು. ಕೂಲಿ ತೂಕದ ಮೇಲೆ. ಬಂದ ಹೊತ್ತಿಗೆ ಕುಳಿತು, ಸಾಕೆನಿಸಿದಾಗ ಏಳಬಹುದು. ಪಕ್ಕದವಳ ಜೊತೆ ಮಾತಾಡಲೇಬೇಕೆಂಬ ನಿಯಮವಿಲ್ಲ, ತನ್ನಷ್ಟಕ್ಕೆ ಏನೋ ಗೊಣಗಿಕೊಂಡು ಬಿಡಿಸಿದರೂ ಕಾಯಿ ಬೇರೆ, ತೊಟ್ಟು ಬೇರೆ ಆದರಾಯಿತು. ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ, ಬೆಟಗೇರಿಯ ಮನೆಗಳಲ್ಲಿ ಮಗ್ಗದ ಪಕ್ಕ ಕಂಡಿಕೆ ಸುತ್ತುವ ಕೆಲಸ, ಅಮರಗೋಳದ ಎಪಿಎಂಸಿಯಲ್ಲಿ ಕಾಳು ಆರಿಸುವ ಕೆಲಸ ಇವೂ ಅಂಥವೇ. ಒಳಗೆ ಬರಲು ಯಾರೂ ಪ್ರಮಾಣಪತ್ರ ಕೇಳುವುದಿಲ್ಲ.

ಈ ಬಾಗಿಲು ದೊಡ್ಡದು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಚಿಕಿತ್ಸೆ ದೊರೆತವರಲ್ಲಿ ಬಹಳ ಮಂದಿ ಹೊಲ, ತೋಟ, ಮನೆಯ ಕೆಲಸಗಳಲ್ಲಿ ದುಡಿಯುತ್ತಿದ್ದುದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಆಗ್ರಾ ಕೇಂದ್ರದ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಕಂಡಾಗಲೂ, ಕೂಡುಕುಟುಂಬದ ಬೇಸಾಯದಲ್ಲಿ ಎಲ್ಲರಿಗೂ ಏನಾದರೊಂದು ಕೆಲಸವಿರುತ್ತದೆ ಎಂಬುದನ್ನು ಒಂದು ಕಾರಣವಾಗಿ ಹೇಳಿದವರಿದ್ದರು. ಆ ಫಲಿತಾಂಶದ ಬಗ್ಗೆ ತಕರಾರುಗಳೂ ಇವೆ. ನನ್ನ ತಕರಾರು ಬೇರೆ. ಹಳ್ಳಿಯ ದುಡಿಮೆಯನ್ನು ಹೀಗೆ ಹೊಗಳುವಾಗ ಆ ದುಡಿಮೆಗೆ ಕೂಲಿ ಎಷ್ಟು, ಅದು ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಣ್ಣನ ಹೊಲದಲ್ಲಿ ಊಟಕ್ಕೆ ದುಡಿಯುವ ತಮ್ಮ ಸಮೀಕ್ಷೆಯಲ್ಲಿ ಉದ್ಯೋಗಸ್ಥ. ಅವನ ಜೇಬಿನಲ್ಲಿ ಬಸ್ಸಿನ ಚಾರ್ಜಿಗೆ ಕಾಸಿಲ್ಲ.

ಸುಲಭವಾಗಿ ತೆರೆಯುವ ಬಾಗಿಲು ಅಷ್ಟೇ ಸುಲಭವಾಗಿ ಮುಚ್ಚುತ್ತದೆ. 2023ರಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳು ಅದರಲ್ಲಿದ್ದವು. ಮರುವರ್ಷ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿತದ ಸಿಟ್ಟು ಬೆಂಕಿಯಾಯಿತು. ಟಿವಿಯಲ್ಲಿ ಸುಟ್ಟ ವಾಹನಗಳನ್ನು ತೋರಿಸಿದರು, ಶೆಡ್ಡಿನ ಕೂಲಿ ನಿಂತದ್ದನ್ನು ತೋರಿಸಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದ ಕಥೆ ಮತ್ತೊಂದು ಬಗೆಯದು. ಕೇಂದ್ರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಮಾನ್ಯತೆಯ ರಾಷ್ಟ್ರಧ್ವಜ ಹೊಲಿಯುವ ಆ ಕೇಂದ್ರದಲ್ಲಿ ದುಡಿಯುವವರು ಬಹುತೇಕ ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿದ ಮೇಲೆ ಖಾದಿ ಬಾವುಟದ ಬೇಡಿಕೆಗೆ ಹೊಡೆತ ಬಿತ್ತು. ನಿಧಾನಕ್ಕೆ ಒಂದೇ ತಾಳದಲ್ಲಿ ಕುಳಿತು ಮಾಡುವ, ಗದ್ದಲವಿಲ್ಲದ ಇಂಥ ಕೈಕೆಲಸಗಳು ಒಂದೊಂದಾಗಿ ತೆಳುವಾದಾಗ ಮೊದಲು ಹೊರಗೆ ಬೀಳುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಊರಲ್ಲಿ ಕೆಲಸವಿಲ್ಲವೆಂದು ಮನೆಯವರು ಗೋವಾಕ್ಕೆ ದುಡಿಯಲು ಹೊರಟರೆ ಇವರೂ ಹೊರಡುತ್ತಾರೆ. ಮಾತ್ರೆಯ ಚೀಟಿ ಊರ ಆಸ್ಪತ್ರೆಯಲ್ಲಿ ಉಳಿಯುತ್ತದೆ.

ಹಾಗಾದರೆ ಇವರಲ್ಲಿ ಎಷ್ಟು ಮಂದಿಗೆ ಕೆಲಸವಿಲ್ಲ? ಇಲ್ಲಿ ಅಂಕಿಗಳು ನಮಗೆ ಆಟ ಆಡಿಸುತ್ತವೆ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟ ಎಲ್ಲ ಬಗೆಯ ಅಂಗವಿಕಲರ ನಿರುದ್ಯೋಗ ಪ್ರಮಾಣ ಶೇ 4.2. ಅದೇ ಹೊತ್ತಿಗೆ ದೇಶದ ಒಟ್ಟು ಜನರ ನಿರುದ್ಯೋಗ ಪ್ರಮಾಣ ಶೇ 6 ಇತ್ತು. ಹಾಗಾದರೆ ಅಂಗವಿಕಲರೇ ಮೇಲು ಎನ್ನೋಣವೇ? ಗುಟ್ಟು ಇರುವುದು ಪಕ್ಕದ ಇನ್ನೊಂದು ಅಂಕಿಯಲ್ಲಿ. ದುಡಿಯುವ ಅಥವಾ ದುಡಿಮೆ ಹುಡುಕುವ ಮಂದಿ ಒಟ್ಟು ಜನರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟಿದ್ದರೆ, ಅಂಗವಿಕಲರಲ್ಲಿ ಶೇ 23.8 ಮಾತ್ರ. ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಬಾಗಿಲು ತಟ್ಟಿ ಐದನೆಯದನ್ನು ತಟ್ಟದೆ ಮನೆಗೆ ಬಂದು ಮಲಗಿದವನು ಸರ್ಕಾರಿ ಭಾಷೆಯಲ್ಲಿ ನಿರುದ್ಯೋಗಿಯೂ ಅಲ್ಲ.

ಅಂಗವಿಕಲರ ಲೆಕ್ಕದಲ್ಲಿ ಮನೋರೋಗದವರು ಸರಿಯಾಗಿ ಬಂದೇ ಇಲ್ಲ ಎಂಬುದು ಇನ್ನೊಂದು ತೊಡಕು. 2011ರ ಜನಗಣತಿ ಮನೋರೋಗದ ಕಾರಣದಿಂದ ಅಂಗವಿಕಲರೆಂದು ಬರೆದುಕೊಂಡದ್ದು ದೇಶಕ್ಕೆಲ್ಲ ಸುಮಾರು 7.2 ಲಕ್ಷ ಜನರನ್ನು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 0.8ರಷ್ಟು ಮಂದಿಗೆ ಆ ಹೊತ್ತಿಗೆ ತೀವ್ರ ಮನೋರೋಗ ಇತ್ತೆಂದು ಹೇಳಿತು. ದೇಶದ ವಯಸ್ಕರ ಸಂಖ್ಯೆಗೆ ಗುಣಿಸಿದರೆ ಅರ್ಧ ಕೋಟಿ ದಾಟುತ್ತದೆ. ಗಣತಿಯವರು ಬಾಗಿಲಿಗೆ ಬಂದಾಗ ಯಾವ ಮನೆಯವರು ‘ನಮ್ಮ ಮಗನಿಗೆ ಮನೋರೋಗವಿದೆ’ ಎಂದು ಬರೆಸುತ್ತಾರೆ?

ಕಾನೂನಿನ ಕಡೆಗೆ ಬರೋಣ. ಕಾಗದದ ಮೇಲೆ ಅದು ಬಡವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಮನೋರೋಗವನ್ನೂ ಸೇರಿಸಿತು. ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ. ಅದರಲ್ಲಿ ಅಂಧರು, ಕಿವುಡರು, ಚಲನ ವೈಕಲ್ಯದವರಿಗೆ ತಲಾ ಶೇ 1. ಉಳಿದ ಶೇ 1ರಲ್ಲಿ ಆಟಿಸಂ, ಬುದ್ಧಿ ವೈಕಲ್ಯ, ಕಲಿಕಾ ವೈಕಲ್ಯ, ಮನೋರೋಗ, ಬಹುವಿಧ ವೈಕಲ್ಯ ಎಲ್ಲರೂ ಪಾಲುದಾರರು. ನೂರು ಹುದ್ದೆ ಕರೆದರೆ ಒಂದು, ಅದಕ್ಕೂ ಐದು ಗುಂಪು. ಇಲ್ಲೂ ಪಾಳಿ.

ಆ ಪಾಳಿಗೆ ನಿಲ್ಲಲು ಶೇ 40ರಷ್ಟು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಮನೋರೋಗವನ್ನು ಅಳೆಯಲು ಐಡಿಯಾಸ್ ಎಂಬ ಮಾಪಕವಿದೆ. ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಇನ್ನೊಂದಿಷ್ಟು. ಒಟ್ಟು 20ರಲ್ಲಿ 7 ಬಂದರೆ ಶೇ 40. ಕೆಲಸದ ಅಂಕ ಇಲ್ಲಿ ಉಲ್ಟಾ ನಡೆಯುತ್ತದೆ. ಚೆನ್ನಾಗಿ ದುಡಿಯುತ್ತಿದ್ದರೆ ಸೊನ್ನೆ, ದುಡಿಯಲಾರದಿದ್ದರೆ ನಾಲ್ಕು. ಅಂದರೆ ನೌಕರಿಯ ಮೀಸಲಾತಿ ಬೇಕಾದವನು ದುಡಿಯಲು ತನ್ನಿಂದಾಗದು ಎಂದು ಮೊದಲು ಸಾಬೀತು ಮಾಡಬೇಕು, ಆಮೇಲೆ ಸಂದರ್ಶನದಲ್ಲಿ ಆಗುತ್ತದೆ ಎಂದು ಸಾಬೀತು ಮಾಡಬೇಕು. ಕಷ್ಟಪಟ್ಟು ಒಂದು ಸಣ್ಣ ಕೆಲಸ ಹಿಡಿದು ನಡೆಸಿಕೊಂಡು ಹೋಗುವವನ ಅಂಕ ಇಳಿದು ಪ್ರಮಾಣಪತ್ರವೇ ಕೈಬಿಡಬಹುದು. ಇದನ್ನು ಬರೆದವರಿಗೆ ದುರುದ್ದೇಶ ಇತ್ತೆಂದು ನಾನು ಹೇಳುವುದಿಲ್ಲ, ಮಾಪಕ ಹುಟ್ಟಿದ್ದು ವೈದ್ಯರ ಕೋಣೆಯಲ್ಲಿ. ಆದರೆ ಅದನ್ನು ಹಿಡಿದುಕೊಂಡು ನೌಕರಿ ಹಂಚಲು ಹೊರಟಾಗ ಯಾರಾದರೂ ಒಮ್ಮೆ ತಡೆದು ಕೇಳಬೇಕಿತ್ತು.

ಈಗಾಗಲೇ ಸರ್ಕಾರಿ ನೌಕರಿಯಲ್ಲಿದ್ದು ಕಾಯಿಲೆ ಬಿದ್ದವರ ಪಾಡು ಇದಕ್ಕಿಂತ ಎಷ್ಟೋ ಮೇಲು. ಅಂಗವೈಕಲ್ಯ ಬಂತೆಂದು ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಮನೋರೋಗದ ಕಾರಣದಿಂದಾದ ನಡವಳಿಕೆಗೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದು ಹೇಳಿತು. ನೈರುತ್ಯ ರೈಲ್ವೆ, ವಾಯವ್ಯ ಸಾರಿಗೆ ಎರಡರ ಕೇಂದ್ರ ಕಚೇರಿಗಳೂ ಇರುವ ಹುಬ್ಬಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಒಳಗೆ ಇರುವವರಿಗೆ ಗೋಡೆಯೇ ಆಸರೆ. ಹೊರಗೆ ನಿಂತವರಿಗೆ ಅದೇ ಗೋಡೆ.

ಖಾಸಗಿ ಕಾರ್ಖಾನೆಗಳಲ್ಲಿ ಅಂಥ ಆಸರೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅನ್ವಯ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70. ಆದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ದೀರ್ಘ ಕಾಯಿಲೆಗಳಿಗೆ, ಅದರಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗಗಳೂ ಸೇರಿವೆ, ಎರಡು ವರ್ಷಗಳವರೆಗೆ ಶೇ 80ರಷ್ಟು ಸಿಗುತ್ತದೆ. ಅದಕ್ಕೆ ಎರಡು ವರ್ಷ ಸತತವಾಗಿ ಕೆಲಸದಲ್ಲಿರಬೇಕು. ಈ ‘ಸತತ’ ಎಂಬ ಮಾತಿನಲ್ಲೇ ಗುತ್ತಿಗೆ ಕಾರ್ಮಿಕರು ಎಡವುವುದು. ಆರ್ಡರ್ ಬಿದ್ದಾಗ ಬಿಡಿಸಿ, ಎದ್ದಾಗ ಕರೆದರೆ ಸತತ ಎಲ್ಲಿಂದ ಬರಬೇಕು? ಮಾರುಕಟ್ಟೆಯ ಏರಿಳಿತ ಕೆಲಸವನ್ನಷ್ಟೇ ಕಸಿಯುವುದಿಲ್ಲ, ಕಾಯಿಲೆಗೆ ಇರುವ ರಕ್ಷಣೆಯ ದಾರವನ್ನೂ ಮತ್ತೆ ಮತ್ತೆ ಕತ್ತರಿಸುತ್ತದೆ.

ಏನು ಮಾಡಿದರೆ ಕೆಲಸ ಸಿಕ್ಕೀತು ಎಂಬುದಕ್ಕೆ ನಮ್ಮಲ್ಲಿ ಹಳೆಯ ಉತ್ತರ ತರಬೇತಿ. ಮೇಣದಬತ್ತಿ, ಕಾಗದದ ಚೀಲ, ಫಿನಾಯಿಲ್. ಕಲಿಸುವವರ ಶ್ರಮಕ್ಕೆ ನಮಸ್ಕಾರ, ಆದರೆ ಕಲಿತದ್ದನ್ನು ಕೊಳ್ಳುವವರಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ತಲೆಕೆಳಗು ಮಾಡಿದ ಐಪಿಎಸ್ (ಪೊಲೀಸ್ ಹುದ್ದೆಯಲ್ಲ, ‘ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್’) ಎಂಬ ಪದ್ಧತಿ ಹುಟ್ಟಿತು. ಮೊದಲು ನಿಜವಾದ ಕೆಲಸಕ್ಕೆ ಸೇರಿಸು, ಕೆಲಸದಲ್ಲೇ ಕಲಿಯಲಿ, ಒಬ್ಬ ಉದ್ಯೋಗ ಸಹಾಯಕ ಬೆನ್ನಿಗಿರಲಿ ಎಂಬುದು ಅದರ ತಿರುಳು. ಲಂಡನ್, ಸೋಫಿಯಾ ಸೇರಿ ಯುರೋಪಿನ ಆರು ಊರುಗಳಲ್ಲಿ 312 ಜನರ ಮೇಲೆ ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದವರಲ್ಲಿ ಶೇ 28 ಮಂದಿಗೆ ಕೆಲಸ ಸಿಕ್ಕಿದರೆ ಈ ಪದ್ಧತಿಯಲ್ಲಿ ಶೇ 55 ಮಂದಿಗೆ ಸಿಕ್ಕಿತು. ಆದರೆ ಊರಿಂದ ಊರಿಗೆ ವ್ಯತ್ಯಾಸವಿತ್ತು, ಆ ವ್ಯತ್ಯಾಸದ ದೊಡ್ಡ ಪಾಲಿಗೆ ಆಯಾ ಊರಿನ ನಿರುದ್ಯೋಗದ ಮಟ್ಟವೇ ಕಾರಣವಾಗಿತ್ತು. ಬೆನ್ನಿಗೆ ಜನ ಇದ್ದರೂ ಎದುರಿಗೆ ಕೆಲಸವಿರಬೇಕು.

ಹುಬ್ಬಳ್ಳಿ-ಧಾರವಾಡಕ್ಕೆ ಅಂಥ ಸಹಾಯಕರು ಬಂದಾಗ ಬರಲಿ. ಅಲ್ಲಿಯವರೆಗೆ ಮಾಡಬಹುದಾದ ಕೆಲವು ಕ್ಷುಲ್ಲಕ ಎನಿಸುವ ಸಂಗತಿಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಿಂದ ಇದೆ, ಒಳ್ಳೆಯದೇ. ಅದು ಮಂಗಳವಾರ. ಕೂಲಿಯವರಿಗೆ ಮಂಗಳವಾರವೆಂದರೆ ಒಂದು ದಿನದ ಕೂಲಿ. ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಅಷ್ಟು ಕೂಲಿ ಉಳಿಯಿತು. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಡುವ ರಿಯಾಯಿತಿಯನ್ನು ಕರ್ನಾಟಕ ಪಾಲಿಸಿಕೊಂಡು ಬಂದಿದೆ. ಅದು ಮನೋರೋಗದವರಿಗೂ ಸಲ್ಲುತ್ತದೆ ಎಂಬುದನ್ನು ಪಂಚಾಯಿತಿಯವರು ಜೋರಾಗಿ ಹೇಳಬಹುದು. ಇನ್ನು ಆ ಕಾಗದದ ತಲೆಬರಹ. ಕೆಲಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರದಲ್ಲಿ ಯಾವ ಕಾಯಿಲೆ ಎಂದು ಇರಬೇಕಿಲ್ಲ. ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಆದರೆ ಕಾಗದದ ನೆತ್ತಿಯ ಮೇಲಿನ ಹೆಸರೇ ಗುಟ್ಟನ್ನು ಬಯಲಿಗೆ ಹಾಕುತ್ತದೆ. ಅದೇ ಪ್ರಮಾಣಪತ್ರವನ್ನು ಜಿಲ್ಲಾಸ್ಪತ್ರೆಯಂಥ ಎಲ್ಲ ಕಾಯಿಲೆಗಳ ಆಸ್ಪತ್ರೆಯ ಕಾಗದದ ಮೇಲೆ ಕೊಡುವ ವ್ಯವಸ್ಥೆಗೆ ಎಷ್ಟು ಖರ್ಚಾದೀತು?

ನಮ್ಮ ಓಣಿಯ ಹುಡುಗ ಈಗ ಎರಡನೆಯ ಪಾಳಿಯಲ್ಲಿದ್ದಾನೆ. ವಾರದ ರಜೆಯ ದಿನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಮಾತ್ರೆ ತರುತ್ತಾನೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಏಪ್ರಿಲ್‌ನಿಂದ ಒಂದೊಂದೇ ದಿನಕ್ಕೆ ಕೆಂಪು ಪೆನ್ನಿನ ಗೆರೆ. ವ್ರತವೋ ಹಾಲಿನ ಲೆಕ್ಕವೋ ಇರಬೇಕೆಂದುಕೊಂಡೆ. ‘ಇಎಸ್‌ಐ ಲೆಕ್ಕ ಕಾಕಾ’ ಎಂದ. ‘ಸೆಪ್ಟೆಂಬರ್ ಕೊನೆಯೊಳಗೆ ಎಪ್ಪತ್ತೆಂಟು ಆಗಬೇಕು.’ ಎಷ್ಟಾಯಿತು ಎಂದು ಕೇಳಿದೆ. ಅರವತ್ತೊಂದು ಎಂದ, ಆರ್ಡರ್ ಮತ್ತೆ ಸ್ವಲ್ಪ ಕಡಿಮೆಯಾಗಿದೆ ಎಂದ.